ಯಾರ ಪೈಕಿ?

ಲಂಡನ್ನಿನ ಬಸ್ಸಿನಲ್ಲಿ ನನ್ನ ಮಗ್ಗುಲಿಗೆ ಒಬ್ಬ ಬಿಳಿಯ ಮುದುಕಿ ಬಂದು ಕುಳಿತಳು. ಬೇರೆ ಸೀಟುಗಳು ಖಾಲಿ ಇದ್ದವು. ಆಕೆಯ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಆಕೆ ಚೀಲದಿಂದ ಪುಸ್ತಕ ತೆಗೆದು ಓದತೊಡಗಿದಳು. ನಾನು ಕಿಟಕಿಯ ಕಡೆಗೆ ಸರಿದೆ. ಸರಿ ಎಂದು ಯಾರೂ ಹೇಳಿರಲಿಲ್ಲ. ಬಿ.ಎ. ಓದಿದ, ಪದ್ಯ ಬರೆಯುವ, ವೇದಿಕೆ ಹತ್ತಿದರೆ ಸಮಾನತೆಯ ಮೇಲೆ ಅರ್ಧ ತಾಸು ಮಾತಾಡುವ ನನ್ನ ಮೈ ತನ್ನಷ್ಟಕ್ಕೆ ತಾನೇ ಸರಿಯಿತು. ಪರದೇಶದಲ್ಲಿ ನನಗೆ ಮೊದಲು ಕಂಡದ್ದು ಇದು. ಉಳಿದವರಿಗೆ ಅರಮನೆ ಕಂಡೀತು, ಗಡಿಯಾರದ ಗೋಪುರ ಕಂಡೀತು.

ಹತ್ತರಗಿ ಹೆದ್ದಾರಿಯ ಮೇಲಿನ ಊರು. ಬೆಳಗಾವಿಯಿಂದ ಕೊಲ್ಲಾಪುರಕ್ಕೆ ಹೋಗುವವರೆಲ್ಲ ಅಲ್ಲಿಯ ಟೋಲ್ ನಾಕಾದಲ್ಲಿ ನಿಂತೇ ಹೋಗಬೇಕು. ಸಣ್ಣವನಿದ್ದಾಗಿನಿಂದ ಗಾಡಿಗಳು ಹೋಗುವುದನ್ನು ನೋಡುತ್ತ ಬೆಳೆದವನು ನಾನು. ನಾನೂ ಒಂದು ದಿನ ಹೋದೇನೆಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಅಪ್ಪನ ಕಾಲಕ್ಕೆ ನಮ್ಮ ಕಡೆಯ ಚಹಾದಂಗಡಿಯಲ್ಲಿ ನಮ್ಮವರ ಬಟ್ಟಲು ಹೊರಗೆ ಇರುತ್ತಿತ್ತು. ತಾನೇ ತೊಳೆದುಕೊಂಡು, ಕುಡಿದು, ಮತ್ತೆ ತೊಳೆದು ಇಡಬೇಕು. ಆ ಬಟ್ಟಲು ಈಗ ಇಲ್ಲ. ಅಪ್ಪ ಮಾತ್ರ ಇಂದಿಗೂ ಅಂಗಡಿಯ ಬೆಂಚಿನ ತುದಿಗೇ ಕುಳಿತುಕೊಳ್ಳುತ್ತಾನೆ. ಬಸ್ಸಿನಲ್ಲಿ ಸರಿದದ್ದು ಅವನ ಮೈಯೇ ಇರಬೇಕು.

ಬಿಳಿಯರು ದೊಡ್ಡ ನ್ಯಾಯವಂತರೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅವರ ಲೆಕ್ಕದಲ್ಲಿ ನನ್ನ ಬಣ್ಣ ಬರುತ್ತದೆ; ನಮ್ಮ ಕೇರಿಯ ಲೆಕ್ಕ ಮಾತ್ರ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರ ನಡುವೆ ಸಿಗುವ ನೆಮ್ಮದಿಯನ್ನು ಬಿಡುಗಡೆ ಎನ್ನಬಹುದೇ?

ಗೆಳೆಯ ಗೋಕಾಕದ ಕಡೆಯವನು. ಕಾಲೇಜಿನಲ್ಲಿ ನಮ್ಮದು ಒಂದೇ ಹಾಸ್ಟೆಲು, ಒಂದೇ ತಾಟು. ಸರಕಾರದ ಸ್ಕಾಲರ್‌ಶಿಪ್ಪಿನ ಮೇಲೆ ಓದಲು ಹೋದವನು ಅಲ್ಲಿಯೇ ನೌಕರಿ ಹಿಡಿದಿದ್ದಾನೆ. ಟಿಕೇಟಿನ ರೊಕ್ಕ ಅವನೇ ಕಳಿಸಿದ. ನಾನು ಕರದಂಟಿನ ಎರಡು ಪೆಟ್ಟಿಗೆ ಒಯ್ದೆ. ಬಸ್ಸಿಳಿದು ಅವನ ಮನೆಯತ್ತ ನಡೆಯುವಾಗ, ಕನ್ನಡ ಬಲ್ಲವರು ಸುತ್ತ ಯಾರೂ ಇಲ್ಲದಿದ್ದರೂ, ದನಿ ಇಳಿಸಿ ಹೇಳಿದ:

“ದೋಸ್ತಾ, ಮನ್ಯಾಗ ನಮ್ಮ ಕಡೆಯವರು ಮೂರು ಮಂದಿ ಅದಾರ. ಕೇರಿ ಸುದ್ದಿ ತಗೀಬ್ಯಾಡ. ಸ್ಕಾಲರ್‌ಶಿಪ್ಪಿನ ಸುದ್ದೀನೂ ಬ್ಯಾಡ. ಬ್ಯಾಂಕಿನ್ಯಾಗ ಸಾಲಾ ಮಾಡಿ ಬಂದೇನಿ ಅಂತ ಹೇಳೇನಿ.”

ಇಲ್ಲದ ಸಾಲಕ್ಕೆ ಅವನು ತಿಂಗಳಾ ಕಂತು ಕಟ್ಟುತ್ತಾನಂತೆ. ಒಮ್ಮೆ ಬಡ್ಡಿ ಹೆಚ್ಚಾಯಿತೆಂದು ಅವರ ಮುಂದೆ ಗೊಣಗಿದ್ದನ್ನೂ ಹೇಳಿದ. ಇಬ್ಬರೂ ನಕ್ಕೆವು. ಅಡ್ಡಹೆಸರನ್ನಂತೂ ಓದುವಾಗಲೇ ಅಫಿಡವಿಟ್ ಮಾಡಿಸಿ ತೆಗೆಸಿ ಊರ ಹೆಸರು ಹಚ್ಚಿಕೊಂಡಿದ್ದ.

ಆ ರಾತ್ರಿ ಉಣ್ಣಲು ಕುಳಿತಾಗ ಅವರಲ್ಲಿ ಒಬ್ಬ ನನ್ನ ತಾಟಿಗೆ ಬಿಸಿ ಚಪಾತಿ ಹಾಕುತ್ತ ಕೇಳಿದ: “ಹತ್ತರಗಿ ಅಂದ್ರ ನಮ್ಮ ಯಮಕನಮರಡಿ ಹಂತೇಕ ಅಲ್ರಿ? ಅಲ್ಲೆ ನೀವು ಯಾರ ಪೈಕಿ?”

ಬಲು ಪ್ರೀತಿಯಿಂದ ಕೇಳಿದ. ನಮ್ಮ ಕಡೆ ಈ ಪ್ರಶ್ನೆಯನ್ನು ಸಿಟ್ಟಿನಿಂದ ಯಾರೂ ಕೇಳುವುದಿಲ್ಲ. ಗೆಳೆಯ ಎದ್ದು ನೀರು ತರಲು ಹೋದ. “ಅಪ್ಪಂದು ಹೊಲಾ ಐತ್ರಿ, ಕಬ್ಬ ಹಚ್ಚತೇವಿ” ಎಂದೆ. ಕಬ್ಬು ನಿಜ. ಹೊಲ ಮಂದೀದು. ನಮ್ಮಪ್ಪ ಹಂಗಾಮಿನಲ್ಲಿ ಕಬ್ಬು ಕಡಿಯುತ್ತಾನೆ, ಜಾತ್ರೆಯಲ್ಲಿ ಹಲಗಿ ಬಾರಿಸುತ್ತಾನೆ.

ಮರುದಿನ ಗೆಳೆಯ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಗೆ ಕರೆದೊಯ್ದ. 1921-22ರಲ್ಲಿ ಅಂಬೇಡ್ಕರ್ ವಾಸವಿದ್ದ ಮನೆ. 2015ರಲ್ಲಿ ಮಹಾರಾಷ್ಟ್ರ ಸರಕಾರ ಅದನ್ನು ಕೊಂಡು ಸ್ಮಾರಕ ಮಾಡಿತು. ಅಕ್ಕಪಕ್ಕದವರು ತಕರಾರು ತೆಗೆದರು, ಸ್ಥಳೀಯ ಆಡಳಿತ ಪರವಾನಗಿ ಕೊಡಲಿಲ್ಲ, ಕೊನೆಗೆ 2020ರಲ್ಲಿ ಅಲ್ಲಿಯ ಮಂತ್ರಿಯೊಬ್ಬರು ಒಪ್ಪಿಗೆ ಕೊಟ್ಟರು. ಬಾಬಾಸಾಹೇಬರಿಗೆ ಮನೆ ಸಿಗುವುದು ಯಾವ ಕಾಲಕ್ಕೂ ಸಲೀಸಾಗಲಿಲ್ಲ ನೋಡಿ. ಆ ಮನೆಯ ಮೆಟ್ಟಿಲ ಮೇಲೆ ನಿಂತಾಗ ನನಗೆ ನೆನಪಾದದ್ದು ಬರೋಡೆ. 1913ರಿಂದ ನ್ಯೂಯಾರ್ಕಿನಲ್ಲಿ, ಆಮೇಲೆ ಲಂಡನ್ನಿನಲ್ಲಿ ಓದಿದ ಆ ವರ್ಷಗಳು ತಾನು ಅಸ್ಪೃಶ್ಯನೆಂಬ ಅರಿವನ್ನೇ ಅಳಿಸಿಬಿಟ್ಟಿದ್ದವೆಂದು ಅವರು ಬರೆದಿದ್ದಾರೆ. 1917ರಲ್ಲಿ ನೌಕರಿಗೆಂದು ಬರೋಡೆಗೆ ಬಂದಾಗ ಇಳಿಯಲು ಜಾಗವಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ನಿಂತರು.

ಅಂಬೇಡ್ಕರ್ ಸುಳ್ಳು ಹೇಳಿದ್ದರು. ಈ ಮಾತನ್ನು ನಾವು ಬಾಯಿಬಿಟ್ಟು ಆಡುವುದಿಲ್ಲ. ಆಡೋಣ. ಅದು ತಪ್ಪೇ?

ಸತ್ಯವನ್ನೇ ನುಡಿಯಬೇಕೆಂದು ಸಾಲೆಯಲ್ಲಿ ನಮಗೆ ಹರಿಶ್ಚಂದ್ರನ ಕತೆ ಹೇಳಿಕೊಟ್ಟರು. ರಾಘವಾಂಕನ ಕಾವ್ಯವನ್ನು ನಾವೇ ಬಿಡಿಸಿ ಓದಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಹೊಲತಿಯರಿಬ್ಬರು ಬಂದು ಮದುವೆಯಾಗೆಂದು ಕೇಳುತ್ತಾರೆ. ಅರಸ ಒಲ್ಲೆನೆನ್ನುತ್ತಾನೆ. ಮದುವೆಯಾಗು, ಇಲ್ಲವೇ ರಾಜ್ಯ ಕೊಡು ಎಂದರೆ ರಾಜ್ಯವನ್ನೇ ಕೊಡುತ್ತಾನೆ. ಆ ಹೆಣ್ಣುಮಕ್ಕಳಿಗೆ ಕವಿ ಹೆಸರನ್ನೂ ಇಡಲಿಲ್ಲ, ಅನಾಮಿಕರು ಎಂದ. ನಮಗೆ ಕಲಿಸಿದ ಸತ್ಯ ಇದು. ಸಿಂಹಾಸನ ಬಿಟ್ಟೀತು, ಜಾತಿ ಬಿಡದು.

ಹಾಗಿರುವಾಗ ‘ಯಾರ ಪೈಕಿ’ ಎಂದು ಕೇಳುವವನಿಗೆ ನಾನು ಸತ್ಯದ ಸಾಲಗಾರನಲ್ಲ. ಅವನಿಗೆ ಬೇಕಾದದ್ದು ನನ್ನ ಪರಿಚಯವಲ್ಲ, ಅಳತೆ. ನನ್ನನ್ನು ಎಲ್ಲಿ ಕೂಡಿಸಬೇಕೆಂದು ತಿಳಿಯಲು ಕೇಳುತ್ತಾನೆ. ಅವನಿಗೆ ತಪ್ಪು ಅಳತೆ ಕೊಟ್ಟರೆ ಪಾಪವೇನೂ ಇಲ್ಲ. ಇಷ್ಟರ ಮಟ್ಟಿಗೆ ನನಗೆ ಅನುಮಾನವಿಲ್ಲ, ಯಾರು ಬೇಕಾದರೂ ವಾದಕ್ಕೆ ಬರಲಿ.

ಆದರೆ ಎಂಟನೆಯ ದಿನ ಅದೇ ಹುಡುಗ, “ಕವಿಗಳು ಅಂತ ಕೇಳೇನಿ, ಒಂದು ಪದ್ಯ ಹೇಳ್ರಿ” ಎಂದ. ಬಾಯಿ ತೆರೆದೆ. ನನ್ನ ಯಾವ ಪದ್ಯದಲ್ಲಿ ಹಲಗಿಯಿಲ್ಲ? ಯಾವುದರಲ್ಲಿ ಅವ್ವನ ಕೇರಿಯ ಬಾವಿಯಿಲ್ಲ? ಒಂದೊಂದಾಗಿ ನೆನಪಿಸಿಕೊಂಡೆ, ಹೇಳಬಹುದಾದದ್ದು ಒಂದೂ ಇರಲಿಲ್ಲ. ಗಂಟಲು ಸರಿಯಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ. ಕೇಳಿದವನಿಗೆ ನಾನು ಏನೂ ಕೊಡಬೇಕಿರಲಿಲ್ಲ, ನಿಜ. ಅಪ್ಪನಿಗೆ ಕೊಡಬೇಕಿತ್ತು. ಅಪ್ಪನ ಕೈಯೊಳಗಿನ ಹಲಗಿ ಕಸಿದು, ಇಲ್ಲದ ಹೊಲ ಕೊಟ್ಟು, ಆ ಮನೆಯ ಊಟದ ಮೇಜಿನ ಹತ್ತಿರ ಅವನನ್ನು ಮರ್ಯಾದಸ್ತನನ್ನಾಗಿ ಮಾಡಿ ಕೂಡಿಸಿದ್ದೆ. ಅವನಿದ್ದಂತೆ ಅವನು ಮರ್ಯಾದಸ್ತನಲ್ಲ ಎಂದು ನಾನೇ ಒಪ್ಪಿದಂತಾಯಿತಲ್ಲ!

ಗೆಳೆಯನಿಗೆ ಇದನ್ನೇ ಹೇಳಿದೆ. ಅವನು ಸಿಟ್ಟಾದ. “ನೀ ಹತ್ತ ದಿನಾ ಇದ್ದು ಹೋಗಾವ. ನನಗ ಇಲ್ಲೇ ಬಾಳೇ ಮಾಡೂದೈತಿ. ಖೋಲಿ ಸಿಗೂದು ಇವರ ಕಡಿಂದ, ಕೆಲಸದ ಸುದ್ದಿ ಸಿಗೂದು ಇವರ ಕಡಿಂದ. ಊರಾಗ ಖರೇ ಹೇಳಿ ಏನ ಸಿಕ್ಕತಿ ನಮ್ಮಪ್ಪಗ?” ಉತ್ತರ ಹೊಳೆಯಲಿಲ್ಲ. ಹೋಗಿ ಬರುವವನ ಧೈರ್ಯಕ್ಕೆ ಖರ್ಚಿಲ್ಲ.

ಅವನ ಬೆನ್ನಿಗೆ ಕಾನೂನಾದರೂ ನಿಂತಿದೆಯೇ ಎಂದರೆ ಅದೂ ಅರ್ಧಮರ್ಧ. ಜಾತಿಯನ್ನು ಸಮಾನತೆಯ ಕಾಯಿದೆಯಲ್ಲಿ ಸೇರಿಸಬೇಕೆಂದು ಬ್ರಿಟಿಷ್ ಸಂಸತ್ತು 2013ರಲ್ಲಿ ಸರಕಾರಕ್ಕೆ ಕಟ್ಟು ಹಾಕಿತ್ತು. 2018ರಲ್ಲಿ ಸರಕಾರ ಹಿಂದೆ ಸರಿದು, ಕೋರ್ಟಿನ ತೀರ್ಪುಗಳೇ ಸಾಕೆಂದಿತು. ಅಮೆರಿಕದಲ್ಲಿ ಸಿಯಾಟಲ್ ನಗರಸಭೆ 2023ರಲ್ಲಿ ಜಾತಿಭೇದವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸಕರು ಒಪ್ಪಿದ ಮಸೂದೆಯನ್ನು ಅಲ್ಲಿಯ ಗವರ್ನರ್ ತಿರಸ್ಕರಿಸಿದರು. ನಮ್ಮ ಜಾತಿ ಎಷ್ಟು ದೂರ ಪ್ರಯಾಣ ಮಾಡಿದೆ ಎಂಬುದಕ್ಕೆ ಈ ಕಾನೂನುಗಳೇ ಸಾಕ್ಷಿ.

ಹೊರಡುವ ಹಿಂದಿನ ದಿನ ಆ ಮೂವರೇ ನನ್ನನ್ನು ಥೇಮ್ಸ್ ದಂಡೆಗೆ ಕರೆದೊಯ್ದರು. ಅಲ್ಲಿ ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ 2015ರಿಂದ ಬಸವಣ್ಣನ ಪುತ್ಥಳಿ ಇದೆ. ಅವರು ಕೈಮುಗಿದರು, ಫೋಟೋ ತೆಗೆದರು, ನಮ್ಮವ ನೋಡ್ರಿ ಎಂದು ಹೆಮ್ಮೆಪಟ್ಟರು. ಇವನು ಯಾರವನೆಂದು ಕೇಳುವ ಬಾಯಿಯನ್ನು ಎಂಟು ಶತಮಾನದ ಹಿಂದೆಯೇ ಮುಚ್ಚಿಸಲು ನೋಡಿದವನು ಅವನು. ನಾನೂ ಫೋಟೋದಲ್ಲಿ ನಿಂತೆ. ಗೆಳೆಯ ನನ್ನ ಹೆಗಲ ಮೇಲೆ ಕೈ ಹಾಕಿದ್ದಾನೆ.

ಊರಿಗೆ ಬಂದ ಮೇಲೆ ಅಪ್ಪ ಕೇಳಿದ: “ಅಲ್ಲಿ ಮಂದಿ ಹೆಂಗ?” ಚಲೋ ಮಂದಿ ಎಂದೆ. “ನಮ್ಮ ಸುದ್ದಿ ಕೇಳಿದ್ರೇನು?” ಎಂದ. ಹೂಂ ಎಂದೆ. ಏನು ಹೇಳಿದಿ ಎಂದು ಅವನು ಕೇಳಲಿಲ್ಲ.

ಮೊನ್ನೆ ಗೆಳೆಯ ಫೋನು ಮಾಡಿದ್ದ. ಆ ಹುಡುಗ ನನ್ನ ಪದ್ಯ ಓದಬೇಕೆನ್ನುತ್ತಾನಂತೆ. ಪದ್ಯವಿರಲಿ, ಈ ಲೇಖನವಿರುವ ಸಂಚಿಕೆಯನ್ನು ಆ ವಿಳಾಸಕ್ಕೆ ಕಳಿಸಬಹುದೇ? ಗೆಳೆಯನ ಹೆಸರನ್ನು ನಾನು ಇಲ್ಲಿಯೂ ಬರೆದಿಲ್ಲ. ನನ್ನ ಹೆಸರಂತೂ ಇದೆ, ಅಡ್ಡಹೆಸರು ಸಮೇತ. ಲಕೋಟೆಯ ಮೇಲೆ ವಿಳಾಸ ಬರೆದು ಇಟ್ಟಿದ್ದೇನೆ. ಟಪಾಲಿಗೆ ಹಾಕಿಲ್ಲ.