ಆಡ್-ಆನ್ ಮತ್ತು ಆಪ್ತವಾಕ್ಯ

ಬ್ರೌಸರ್‌ಗೆ ಸೇರಿಸಿಕೊಳ್ಳುವ ಆಡ್-ಆನ್ ಒಂದನ್ನು ನಂಬಬಹುದೇ ಎಂಬುದು ಮೇಲ್ನೋಟಕ್ಕೆ ತಂತ್ರಜ್ಞರ ಪ್ರಶ್ನೆ. ಆಳದಲ್ಲಿ ಅದು ಪ್ರಮಾಣಶಾಸ್ತ್ರದ ಹಳೆಯ ತಕರಾರು. ಡೌನ್‌ಲೋಡ್ ಮಾಡಿಕೊಳ್ಳುವವರಲ್ಲಿ ಬಹುಪಾಲು ಮಂದಿಗೆ ಅದರ ಕೋಡ್ ಓದಲು ಬಾರದು, ಬಂದರೂ ಓದುವಷ್ಟು ಪುರಸೊತ್ತಿಲ್ಲ. ಪ್ರತ್ಯಕ್ಷ ಇಲ್ಲಿ ಕೈಕೊಡುತ್ತದೆ. ಉಳಿಯುವುದು ಬೇರೆಯವರ ಮಾತು, ಅಂದರೆ ಶಬ್ದಪ್ರಮಾಣ.

ಗೌತಮನ ನ್ಯಾಯಸೂತ್ರ ಆಪ್ತನ ಉಪದೇಶವನ್ನು ನಾಲ್ಕನೆಯ ಪ್ರಮಾಣವಾಗಿ ಒಪ್ಪುತ್ತದೆ. ಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ಆಪ್ತನೆಂದರೆ ವಿಷಯವನ್ನು ತಾನೇ ಕಂಡು ತಿಳಿದವನು, ಕಂಡದ್ದನ್ನು ಕಂಡಂತೆಯೇ ಹೇಳಬಯಸುವವನು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಎಂದೂ ಆತ ಹೇಳುತ್ತಾನೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಡೌನ್‌ಲೋಡ್ ತಾಣದಲ್ಲಿ ಮೊದಲು ಕಣ್ಣಿಗೆ ಬೀಳುವುದು ನಕ್ಷತ್ರಗಳ ರೇಟಿಂಗ್. ಐದು ನಕ್ಷತ್ರ ಕೊಟ್ಟವರು ಪ್ರಾಮಾಣಿಕರೇ ಇರಬಹುದು, ಆದರೆ ಅವರು ಕಂಡದ್ದೇನು? ಜಾಹೀರಾತು ಮಾಯವಾಯಿತು, ಪುಟದ ಬಣ್ಣ ಬದಲಾಯಿತು, ಅಷ್ಟೆ. ಜ್ಞಾನದ ಸತ್ಯವನ್ನು ಫಲದಿಂದ ನಿಶ್ಚಯಿಸಬಹುದು ಎನ್ನುತ್ತಾರೆ ನೈಯಾಯಿಕರು: ನೀರೆಂದು ತಿಳಿದು ಹೋದವನ ಬಾಯಾರಿಕೆ ತಣಿದರೆ ಅದು ನೀರೇ. ಆಡ್-ಆನ್‌ಗೆ ಈ ಒರೆಗಲ್ಲು ಸಾಲದು. ಜಾಲತಾಣಗಳ ರೂಪ ಬದಲಿಸುವ ಸ್ಟೈಲಿಶ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಜೊತೆಗೆ ಬಳಕೆದಾರರ ಬ್ರೌಸಿಂಗ್ ಇತಿಹಾಸವನ್ನೂ ಸಂಗ್ರಹಿಸುತ್ತಿತ್ತು. 2018ರ ಜುಲೈನಲ್ಲಿ ಈ ಸಂಗತಿ ಸುದ್ದಿಯಾದ ಮೇಲೆ ಫೈರ್‌ಫಾಕ್ಸ್ ಮತ್ತು ಕ್ರೋಮ್ ತಾಣಗಳೆರಡೂ ಅದನ್ನು ತೆಗೆದುಹಾಕಿದವು.

ಒಳಗನ್ನು ಕಂಡವರು ಬೇಕೆಂದೇ ಪರಿಶೀಲಕರು ಬಂದದ್ದು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ತಾಣದಲ್ಲಿ ಬಹುಕಾಲ ಪರಿಶೀಲಕರು, ಅವರಲ್ಲಿ ಅನೇಕರು ಸ್ವಯಂಸೇವಕರು, ಕೋಡ್ ಓದಿ ಒಪ್ಪಿಗೆ ಕೊಡುತ್ತಿದ್ದರು. ಒಂದು ಹಂತದಲ್ಲಿ ಒಪ್ಪಿಗೆ ಸಿಗದವು 'ಸ್ಯಾಂಡ್‌ಬಾಕ್ಸ್' ಎಂಬ ಪ್ರತ್ಯೇಕ ವಿಭಾಗದಲ್ಲಿದ್ದು, ಲಾಗಿನ್ ಆದವರಿಗಷ್ಟೇ ದಕ್ಕುತ್ತಿದ್ದವು. ಬಳಕೆದಾರರಿಗೆ ಇದು ಕಿರಿಕಿರಿ, ಸರದಿಯಲ್ಲಿ ಕಾಯುವ ತಯಾರಕರಿಗೆ ಇನ್ನೂ ಹೆಚ್ಚು. 2017ರ ಸೆಪ್ಟೆಂಬರ್‌ನಲ್ಲಿ ಹೊಸ ಮಾದರಿಯ ವೆಬ್‌ಎಕ್ಸ್‌ಟೆನ್ಷನ್‌ಗಳಿಗೆ ಕ್ರಮ ತಿರುಗುಮುರುಗಾಯಿತು: ಯಂತ್ರದ ತಪಾಸಣೆ ದಾಟಿದ್ದು ಕೂಡಲೇ ಪ್ರಕಟ, ಮನುಷ್ಯರ ಓದು ಆಮೇಲೆ.

ನೈಯಾಯಿಕರ ಪಕ್ಷದಿಂದ ಮೀಮಾಂಸಕರ ಪಕ್ಷಕ್ಕೆ ದಾಟಿದ ಹಾಗಾಯಿತು ಇದು. ಜ್ಞಾನದ ಪ್ರಾಮಾಣ್ಯ ಹೊರಗಿನ ಆಧಾರದಿಂದಲೇ ಸಿದ್ಧವಾಗಬೇಕು ಎಂಬುದು ಮೊದಲಿನವರ ಮತ. ಮೀಮಾಂಸಕನಾದ ಕುಮಾರಿಲ ಭಟ್ಟನಿಗೆ ಜ್ಞಾನ ಸ್ವತಃ ಪ್ರಮಾಣ. ಬಾಧಕ ಕಂಡಾಗಷ್ಟೇ ಅದನ್ನು ಕೈಬಿಡಬೇಕು. ಪ್ರತಿ ಪ್ರಮಾಣಕ್ಕೂ ಇನ್ನೊಂದು ಪ್ರಮಾಣ ಕೇಳುತ್ತ ಹೋದರೆ ಅನವಸ್ಥೆ ತಪ್ಪದು ಎಂಬ ಅವನ ಆಕ್ಷೇಪ ಬರಿಯ ತರ್ಕದ ಆಟವಲ್ಲ. ಫೈರ್‌ಫಾಕ್ಸ್‌ನಲ್ಲಿ ಆಡ್-ಆನ್‌ಗೆ ಸಹಿ ಕಡ್ಡಾಯ. ಆ ಸಹಿಯ ಹಿಂದೆ ಒಂದು ಪ್ರಮಾಣಪತ್ರ, ಅದರ ಹಿಂದೆ ಮತ್ತೊಂದು. 2019ರ ಮೇ ಮೊದಲ ವಾರ ನಡುವಿನ ಪ್ರಮಾಣಪತ್ರವೊಂದರ ಅವಧಿ ತೀರಿ, ಯಾವ ತಪ್ಪೂ ಇಲ್ಲದ ಆಡ್-ಆನ್‌ಗಳು ರಾತ್ರೋರಾತ್ರಿ ಕೆಲಸ ನಿಲ್ಲಿಸಿದವು.

ಹಾಗೆಂದು ಕುಮಾರಿಲನ ಪಕ್ಷವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ವೇದ ಅಪೌರುಷೇಯ, ಕರ್ತೃವಿಲ್ಲದ ಕಡೆ ಕರ್ತೃದೋಷವೂ ಇಲ್ಲ ಎಂಬುದು ಅವನ ಧೈರ್ಯದ ಮೂಲ. ಆಡ್-ಆನ್‌ನ ಪ್ರತಿ ಸಾಲಿಗೂ ಕರ್ತೃವಿದ್ದಾನೆ, ಆ ಕರ್ತೃ ಬದಲಾಗಲೂಬಹುದು. ಕ್ರೋಮ್‌ನ ಜನಪ್ರಿಯ ಎಕ್ಸ್‌ಟೆನ್ಷನ್ ದಿ ಗ್ರೇಟ್ ಸಸ್ಪೆಂಡರ್ 2020ರಲ್ಲಿ ಬೇರೆಯವರ ಕೈಗೆ ಮಾರಾಟವಾಯಿತು. ದುರುದ್ದೇಶದ ಕೋಡ್ ಇದೆಯೆಂದು ಗೂಗಲ್ ಅದನ್ನು ತೆಗೆದದ್ದು 2021ರ ಫೆಬ್ರವರಿಯಲ್ಲಿ. ಹಳೆಯ ಮಾಲೀಕನ ಕಾಲದ ನಕ್ಷತ್ರಗಳು ಅಲ್ಲಿಯವರೆಗೂ ಹೊಸಬನ ಲೆಕ್ಕಕ್ಕೇ ಜಮೆಯಾಗಿದ್ದವು.

ಅನುಮತಿ ಕೇಳುವ ಪೆಟ್ಟಿಗೆಯಿಂದಲೂ ಹೆಚ್ಚಿನ ನೆರವಿಲ್ಲ. ಭೇಟಿ ಕೊಡುವ ಎಲ್ಲ ತಾಣಗಳ ಮಾಹಿತಿಯನ್ನು ಓದಿ ಬದಲಿಸಬಹುದು ಎಂಬ ಎಚ್ಚರಿಕೆ ಸಾಧು ಜಾಹೀರಾತು ತಡೆಗೂ ಕಳ್ಳ ಎಕ್ಸ್‌ಟೆನ್ಷನ್‌ಗೂ ಒಂದೇ. ಅಪ್‌ಡೇಟ್ ತಾನಾಗಿಯೇ ಬಂದು ಕೂರುತ್ತದೆ. ಹೊಸ ಅನುಮತಿ ಬೇಕಾದಾಗ ಮಾತ್ರ ಬ್ರೌಸರ್ ಮತ್ತೆ ಕೇಳುತ್ತದೆ. ಮೊದಲೇ ಎಲ್ಲವನ್ನೂ ಪಡೆದುಕೊಂಡ ಆಡ್-ಆನ್‌ಗೆ ಕೇಳಲು ಏನೂ ಉಳಿದಿರುವುದಿಲ್ಲ.