ಒಂದು ತೊಟ್ಟು ಎಣ್ಣೆ

ಬೆಳಗಾದರೆ ನಮ್ಮ ಮನೆಯ ಮುಂದೆ ಎರಡು ಬಗೆಯ ಚುಕ್ಕಿಗಳು. ಒಂದು, ನನ್ನ ಹೆಂಡತಿ ಇಡುವ ರಂಗೋಲಿಯ ಚುಕ್ಕಿ. ಇನ್ನೊಂದು, ಅದರ ಪಕ್ಕದಲ್ಲೇ ನಮ್ಮ ತಂದೆಯವರ ಕಾಲದ ಮಾರಿಸ್ ಮೈನರ್ ಕಾರು ರಾತ್ರಿಯೆಲ್ಲ ತೊಟ್ಟಿಕ್ಕಿ ಇಡುವ ನಾಲ್ಕು ಎಣ್ಣೆಯ ಚುಕ್ಕಿ. ಮೊದಲನೆಯದು ಸಂಜೆಗೆ ಅಳಿಸಿಹೋಗುತ್ತದೆ. ಎರಡನೆಯದು ಉಜ್ಜಿದರೂ ಹೋಗುವುದಿಲ್ಲ.

1948ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಕಾಣಿಸಿಕೊಂಡ ಈ ಕಾರುಗಳಲ್ಲಿ ನಮ್ಮದು 1958ರದು, 948 ಸಿ.ಸಿ. ಎಂಜಿನ್ನಿನದು. ನನ್ನ ಕಣ್ಣು ಮಂಜಾಯಿತು. ಮಕ್ಕಳಿಗೆ ಅದರ ಮೇಲೆ ಮೋಹವಿಲ್ಲ. ಮಾರಿಬಿಡಲು ನಿಶ್ಚಯಿಸಿದೆ. ಕೊಳ್ಳಲು ಒಬ್ಬ ತರುಣ ಮುಂದೆ ಬಂದ. ನಡುವೆ ನಿಂತ ದಲ್ಲಾಳಿ ಕಾರಿನಡಿ ಬಗ್ಗಿ ನೋಡಿ, "ಸೀಮೆಎಣ್ಣೆ ಹಾಕಿ ಎಂಜಿನ್ ತೊಳೆದುಬಿಡಿ ಸಾರ್. ಸೋರೋದು ನಿಲ್ಲಿಸೋ ಔಷಧಿ ಡಬ್ಬಿಯಲ್ಲಿ ಸಿಗುತ್ತೆ, ಅದನ್ನು ಸುರಿದು ಮಂದ ಆಯಿಲ್ ತುಂಬಿಸಿ. ಎಂಟು ದಿನ ಒಂದು ತೊಟ್ಟು ಬೀಳೋದಿಲ್ಲ" ಎಂದ. ನಾನು ಹಿಂಜರಿದುದನ್ನು ಕಂಡು, "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇಲ್ಲಿ ನೀವು ಒಂದು ಸುಳ್ಳೂ ಹೇಳಬೇಕಾಗಿಲ್ಲವಲ್ಲ!" ಎಂದು ಸೇರಿಸಿದ.

ಈ ಕೊನೆಯ ಮಾತೇ ನನ್ನನ್ನು ಕಾಡಿತು. ನಾನು ಬಾಯಿಂದ ಸುಳ್ಳಾಡದೆ ನೆಲದಿಂದ ಸುಳ್ಳಾಡಿಸಿದರೆ ಆ ಸುಳ್ಳು ಯಾರ ಲೆಕ್ಕಕ್ಕೆ? ಅವನು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದು ಸುಮ್ಮನಿರಬಹುದೇ?

ಉತ್ತರ ಹೊಳೆಯದೆ, ಮೊದಲು ರಿಪೇರಿಯನ್ನೇ ಮಾಡಿಸೋಣವೆಂದು ಹಳೆಯ ಮೇಸ್ತ್ರಿಯೊಬ್ಬರ ಗ್ಯಾರೇಜಿಗೆ ಹೋದೆ. ಅವರು ಸೋರುವ ಕಡೆ ಕೈಯನ್ನೇ ಹಾಕಲಿಲ್ಲ. ಎಂಜಿನ್ನಿನ ಒಳಗಿನ ಹೊಗೆ ಹೊರಡುವ ಕೊಳವೆಯನ್ನು ಬಿಚ್ಚಿದರು. ಅದು ಜಿಡ್ಡುಗಟ್ಟಿ ಮುಚ್ಚಿಹೋಗಿತ್ತು. ಹೊಗೆಗೆ ದಾರಿಯಿಲ್ಲದೆ ಒತ್ತಡ ಏರಿದರೆ ಎಣ್ಣೆ ಸಿಕ್ಕ ಸಂದಿಯಲ್ಲೆಲ್ಲ ನುಗ್ಗುತ್ತದೆ. ಹೊಸ ಸೀಲ್ ಹಾಕಿದರೂ ಅದೇ ಗತಿ. ಆಮೇಲೆ ಮುಂಭಾಗದ ಸೀಲನ್ನು ಕಿತ್ತರು. ರಬ್ಬರು ಬಿಸಿಗೆ ಬೆಂದು ಬೆಂದು ಗಡುಸಾಗಿತ್ತು. ಅದು ಒರಸಿಕೊಂಡು ತಿರುಗುತ್ತಿದ್ದ ಪುಲ್ಲಿಯ ಮೇಲೆ ಉಗುರಿಗೆ ಸಿಕ್ಕುವಂಥ ಗೆರೆ ಬಿದ್ದಿತ್ತು. ಎರಡನ್ನೂ ಬದಲಾಯಿಸಿದರು.

ಹಿಂಭಾಗಕ್ಕೆ ಬಂದಾಗ ನಕ್ಕು, "ಇಲ್ಲಿ ಬದಲಾಯಿಸೋಕೆ ಸೀಲೇ ಇಲ್ಲ ಸ್ವಾಮಿ" ಎಂದರು. ಅಲ್ಲಿ ಕ್ರ್ಯಾಂಕ್ ಶಾಫ್ಟಿನ ಮೇಲೆ ತಿರುಪಿನಂತೆ ಕೊರೆದ ಸುರುಳಿಯಷ್ಟೇ ಇದೆ. ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಆದರೂ ಒಂದಿಷ್ಟು ಜಿನುಗೀತೆಂದು ಮಾಡಿದವರು ಬಲ್ಲರು. ಅದಕ್ಕೇ ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ರಂಧ್ರವಿಟ್ಟು, ಅದು ಕಟ್ಟಿಕೊಳ್ಳದಿರಲೆಂದು ಒಂದು ಸ್ಪ್ಲಿಟ್ ಪಿನ್ನನ್ನು ಸಡಿಲವಾಗಿ ತೂಗುಬಿಟ್ಟಿದ್ದಾರೆ. ಕಾರು ಕುಲುಕಿದಂತೆ ಪಿನ್ನು ಅಲುಗುತ್ತದೆ, ದಾರಿ ತೆರೆದಿರುತ್ತದೆ. ರಂಧ್ರವನ್ನು ಮುಚ್ಚಿದರೆ ನೆಲವೇನೋ ಒಣಗೀತು. ಎಣ್ಣೆ ಒಳಗೇ ನಿಂತು ಕ್ಲಚ್ಚನ್ನು ಕೆಡಿಸೀತು.

ಆ ಸಣ್ಣ ಪಿನ್ನನ್ನು ನೋಡುತ್ತ ನಿಂತಾಗ ನನ್ನ ಪ್ರಶ್ನೆಗೆ ಉತ್ತರ ಹೊಳೆಯಿತು. ತಿದ್ದಬಹುದಾದ ದೋಷವನ್ನು ತಿದ್ದಬೇಕು. ಅದರ ಖರ್ಚು ನನ್ನದು. ತಿದ್ದಿದ ಮೇಲೂ ಉಳಿಯುವುದು ಕಣ್ಣಿಗೆ ಬೀಳುವಂತಿರಬೇಕು. ಡಬ್ಬಿಯ ಔಷಧಿ ಮುದಿ ರಬ್ಬರನ್ನು ಕೆಲವು ದಿನ ಉಬ್ಬಿಸುತ್ತದೆ. ಅಷ್ಟರಲ್ಲಿ ಹಣ ನನ್ನ ಕೈಗೆ ಬರುತ್ತದೆ, ಸೋರಿಕೆ ಅವನ ಅಂಗಳಕ್ಕೆ ಹೋಗುತ್ತದೆ. ಮರೆಮಾಚುವುದೆಂದರೆ ನನ್ನ ಖರ್ಚನ್ನು ಹೇಳದೆ ಇನ್ನೊಬ್ಬನ ತಲೆಗೆ ಕಟ್ಟುವುದು.

ಭಾನುವಾರ ತರುಣ ಬಂದ. ಮಾಡಿಸಿದ ಕೆಲಸವನ್ನೆಲ್ಲ ಹೇಳಿ, ಉಳಿದ ಒಂದು ತೊಟ್ಟನ್ನೂ ತೋರಿಸಿದೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ. "ಮನೆಯಲ್ಲಿ ಕೇಳಿ ಹೇಳ್ತೀನಿ ಸಾರ್" ಎಂದು ಹೋದವನು ಮತ್ತೆ ಬರಲಿಲ್ಲ.

ಹರಿಶ್ಚಂದ್ರನಿಗೆ ಕೊನೆಗೆ ರಾಜ್ಯ ಮರಳಿ ಸಿಕ್ಕಿತು. ನನಗೆ ಕಾರು ಮರಳಿ ಸಿಕ್ಕಿತು. ಹೋದ ಹಣದ ನೆನಪು ಒಮ್ಮೊಮ್ಮೆ ಚುಚ್ಚದೆ ಇಲ್ಲ. ಆದರೆ ಈಗ ಬೆಳಿಗ್ಗೆ ನಾಲ್ಕು ಚುಕ್ಕಿಯ ಬದಲು ಒಂದೇ ಚುಕ್ಕಿ. ನನ್ನ ಹೆಂಡತಿ ರಂಗೋಲಿಯನ್ನು ಒಂದು ಗೇಣು ಈಚೆಗೆ ಸರಿಸಿ ಇಡುತ್ತಾಳೆ.