ಅಭಯದಾನದ ದಾನಿ ಯಾರು?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ವಿಚಾರ ಶ್ರಾವಕರಿಗೆ ಹೊಸದಲ್ಲ. ಆದರೆ ಅಭಯವನ್ನು ಒಂದು ರಾಷ್ಟ್ರವೇ ನೀಡಿದಾಗ ದಾನಿ ಯಾರು? ಆಶ್ರಯವಿತ್ತೆವೆಂದು ಸಾರುವ ದೆಹಲಿಯೇ, ಭೂಮಿ ಮಂಜೂರು ಮಾಡುವ ರಾಜ್ಯವೇ, ತನ್ನ ಗೋಮಾಳವನ್ನೂ ಕೆರೆಯ ನೀರನ್ನೂ ಹಂಚಿಕೊಳ್ಳಬೇಕಾದ ಊರೇ?

1959ರಲ್ಲಿ ದಲಾಯಿ ಲಾಮಾ ಅವರನ್ನು ಅನುಸರಿಸಿ ಬಂದ ಸಹಸ್ರಾರು ಟಿಬೆಟನ್ನರಿಗೆ ನೆಲೆ ಕಲ್ಪಿಸಲು ಪ್ರಧಾನಿ ನೆಹರೂ ರಾಜ್ಯಗಳ ನೆರವನ್ನು ಕೋರಿದರು. ಮೈಸೂರು ರಾಜ್ಯ ಒಪ್ಪಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ದೊರೆತು, 1960ರಲ್ಲಿ ವಸತಿ ಆರಂಭವಾಯಿತು. ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯ ವಸತಿಗಳು ಅನಂತರದವು. ಕೇಂದ್ರ ಕೋರಬೇಕಾದದ್ದು ಬರಿಯ ಸೌಜನ್ಯಕ್ಕಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೌರತ್ವವೂ ವಿದೇಶೀಯರ ವಿಷಯವೂ ಕೇಂದ್ರಪಟ್ಟಿಗೆ ಸೇರಿವೆ. ಭೂಮಿ ಮತ್ತು ಸ್ಥಳೀಯ ಆಡಳಿತ ರಾಜ್ಯಪಟ್ಟಿಯಲ್ಲಿವೆ. ಬಾಗಿಲು ತೆರೆಯುವ ಅಧಿಕಾರ ಒಬ್ಬರದು, ಮನೆಯೊಳಗಿನ ಸ್ಥಳ ಮತ್ತೊಬ್ಬರದು.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ದಾನದ ಲಕ್ಷಣವನ್ನು ಹೇಳುವಾಗ ತನ್ನದಾದ ವಸ್ತುವಿನ ತ್ಯಾಗವೆಂದೇ ಹೇಳಿದ್ದಾರೆ. ಪರರ ವಸ್ತುವನ್ನು ಕೊಟ್ಟು ಪುಣ್ಯವನ್ನು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವುದು ದಾನವಲ್ಲ, ತಪ್ಪು ಲೆಕ್ಕ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಲ್ಲಿನ ಹುತ್ತೂರಿನಂತಹ ಊರಿನಲ್ಲಿ ಐನೂರು ಕುಟುಂಬಗಳು ನೆಲೆಸಬೇಕೆಂದು ಎಂದಾದರೂ ಆದೇಶ ಬಂದಿತೆನ್ನೋಣ. ಗ್ರಾಮಸಭೆ ಆಕ್ಷೇಪಿಸಿದರೆ ಅದನ್ನು ನಿರ್ದಯೆ ಎನ್ನಲಾಗದು. ಕೊಳವೆಬಾವಿಯ ಆಳ ಬಲ್ಲವರ ಮಾತು ಅದು.

ಹಾಗೆಂದು ಊರಿಗೆ ನಿರಾಕರಣೆಯ ಪೂರ್ಣಾಧಿಕಾರ ಸಲ್ಲದು. ಪ್ರತಿಯೊಂದು ಊರೂ ಮುಂದಿನ ಊರನ್ನು ತೋರಿಸಿದರೆ ಶರಣಾಗತನು ಗಡಿಯಲ್ಲೇ ಉಳಿಯುತ್ತಾನೆ. ಪ್ರಾಣಭಯದಿಂದ ಬಂದವನನ್ನು ಸ್ವೀಕರಿಸಬೇಕೇ ಎಂಬುದು ಬಹುಮತಕ್ಕೆ ಬಿಡುವ ಪ್ರಶ್ನೆಯಲ್ಲ. ಅದನ್ನು ರಾಷ್ಟ್ರವೇ ನಿರ್ಣಯಿಸಬೇಕು. ಎಲ್ಲಿ, ಎಷ್ಟು ಮಂದಿ, ಯಾವ ನೀರಿನಿಂದ ಎಂಬುದನ್ನು ಊರನ್ನು ಕೇಳದೆ ನಿರ್ಣಯಿಸಬಾರದು. ಬೈಲುಕುಪ್ಪೆಯ ಕಾಲದಲ್ಲಿ ಪಂಚಾಯತಿಗಳಿಗೆ ಇಂದಿನ ಸಾಂವಿಧಾನಿಕ ಸ್ಥಾನವಿರಲಿಲ್ಲ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯ ನಂತರ ಆ ನೆಪವೂ ಉಳಿದಿಲ್ಲ. ಶಾಲೆ, ಆಸ್ಪತ್ರೆ, ನೀರಿನ ವೆಚ್ಚವನ್ನು ಕೇಂದ್ರವೇ ಭರಿಸುವುದು ನ್ಯಾಯ. ನಿರ್ಣಯ ಯಾರದೋ ಖರ್ಚೂ ಅವರದೇ ಎಂಬುದು ಅಂಗಡಿಯಲ್ಲಿ ಕುಳಿತವರೆಲ್ಲ ಒಪ್ಪುವ ರೂಢಿ.

2014ರ ಟಿಬೆಟನ್ ಪುನರ್ವಸತಿ ನೀತಿಯಲ್ಲಿ ಗುತ್ತಿಗೆ ಪತ್ರಗಳನ್ನು ನೀಡುವಂತೆ ಕೇಂದ್ರವು ರಾಜ್ಯಗಳಿಗೆ ಸೂಚಿಸಿತು. ಅಂದರೆ ಐವತ್ತು ವರ್ಷ ಮೀರಿ ಉತ್ತು ಬಿತ್ತಿದ ಆ ನೆಲದಲ್ಲಿ ಅವರು ಇಂದಿಗೂ ಗುತ್ತಿಗೆದಾರರು. ಅವಧಿ ಮುಗಿದಾಗ ಯಾರ ಸಹಿ ಬೇಕೆಂದು ಚಿಂತಿಸುವವನಿಗೆ ದೊರೆತಿರುವುದು ನೆಲೆ, ಅಭಯವಿನ್ನೂ ಬಾಕಿಯಿದೆ.